ಬೆಗೋನಿಯಾ ಚಳಿಗೆ ಸಾಯುತ್ತೆ ಅನ್ನೋದು ಪೂರ್ತಿ ಸರಿ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣೀಲಿ ಕೈತೋಟದ ಪುಟ ಓದಿದೆ. ಬೆಗೋನಿಯಾ ಬಗ್ಗೆ ಬರೆದಿದ್ರು, ಫೋಟೋ ಚೆನ್ನಾಗಿತ್ತು, ನೀರು ಗೊಬ್ಬರದ ವಿಷಯ ಬರೆದಿದ್ದೂ ಸರಿಯಾಗೇ ಇತ್ತು, ಆದ್ರೆ ಕೊನೇಲಿ ಒಂದು ಸಾಲು ಸೇರಿಸಿಬಿಟ್ಟಿದ್ರು, ಬೆಗೋನಿಯಾ ಚಳಿ ತಡೆಯೋ ಗಿಡವೇ ಅಲ್ಲ, ಹಿಮ ಬೀಳೋ ದೇಶದಲ್ಲಿ ಮನೆ ಒಳಗೇ ಇಟ್ಟು ಬೆಳೆಸಬೇಕು ಅಂತ. ಅದನ್ನ ಫೋಟೋ ಹೊಡೆದು ನಮ್ಮ ಮಗಳಿಗೆ ವಾಟ್ಸಾಪ್ ಮಾಡಿದೆ, ಅವಳು ನಗೋ ಗೊಂಬೆ ನಾಲ್ಕು ಹಾಕಿ ವಾಪಸ್ ಕಳಿಸಿದ್ಲು. ಯಾಕಂದ್ರೆ ಅವಳ ಮನೆ ಹಿತ್ತಲಲ್ಲಿ ಬೆಗೋನಿಯಾ ಹಿಮದ ಕೆಳಗೆ ಮಲಗಿ ಎದ್ದು ಬರೋದನ್ನ ನಾವು ನೋಡ್ತಿರೋದು ಇದು ಮೂರನೇ ವರ್ಷ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಜಾಗ ಇಲ್ದಿದ್ರೆ ಕತ್ತರಿ ಹಾಕ್ಕೊಳಿ, ಆದ್ರೆ ಕೊನೇಲಿ ಗೆಡ್ಡೆ ಮಾರೋರ ವಿಷಯ ಇದೆಯಲ್ಲ, ಅದನ್ನ ಮಾತ್ರ ಬಿಡಬೇಡಿ.

ನಾನು ದಾವಣಗೆರೆ ನಿಟುವಳ್ಳಿಯವಳು, ಮಹಡಿ ಮೇಲೆ ಐವತ್ತು ಅರವತ್ತು ಕುಂಡ ಇಟ್ಕೊಂಡಿರೋಳು, ಸಸ್ಯಶಾಸ್ತ್ರ ಓದಿದವಳಲ್ಲ. ಮಗಳು ಅಳಿಯ ಇರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಹತ್ರ. ಅವಳ ಬಾಣಂತನಕ್ಕೆ ಅಂತ ಸೆಪ್ಟೆಂಬರಲ್ಲಿ ಹೋದೋಳು ಮಾರ್ಚ್ ಮೊದಲ ವಾರದವರೆಗೂ ಇದ್ದೆ. ಸೂಟ್‌ಕೇಸ್ ತುಂಬ ಕೊಬ್ಬರಿ, ಅಂಟು, ಮೆಂತ್ಯ ತುಂಬ್ಕೊಂಡು ಹೋಗಿದ್ದೆ, ಗಿಡದ ಯೋಚನೆ ತಲೇಲೇ ಇರ್ಲಿಲ್ಲ. ಹೋದ ಮಾರನೇ ದಿನ ಬೆಳಗ್ಗೆ ಕಾಫಿ ಹಿಡ್ಕೊಂಡು ಹಿತ್ತಲ ಬಾಗಿಲು ತೆಗೆದ್ರೆ, ಮೇಪಲ್ ಮರದ ನೆರಳಲ್ಲಿ ಮೊಳಕಾಲುದ್ದ ಎತ್ತರದ ಗಿಡಗಳ ಒಂದು ದೊಡ್ಡ ಗುಂಪು, ತುಂಬ ತಿಳಿ ಗುಲಾಬಿ ಹೂ, ಗೊಂಚಲು ಗೊಂಚಲು ಕೆಳಗೆ ಜೋತು ಬಿದ್ದಿದ್ವು. ಎಲೆ ನೋಡಿದ ತಕ್ಷಣ ಇದು ನಮ್ಮ ಬೆಗೋನಿಯಾ ಕುಲಾನೇ ಅಂತ ಗೊತ್ತಾಯ್ತು, ಒಂದು ಕಡೆ ದೊಡ್ಡದು ಒಂದು ಕಡೆ ಚಿಕ್ಕದು, ಹೃದಯದ ಆಕಾರ ಸೊಟ್ಟ ಬರೆದಂಗೆ. ಎಲೆ ಮಗುಚಿ ನೋಡಿದ್ರೆ ಹಿಂದುಗಡೆ ಕೆಂಪು, ಬೀಟ್ರೂಟ್ ಹೆಚ್ಚಿದ ಕೈ ಹೆಂಗಿರುತ್ತೆ ಹಂಗೆ, ಬೆಳಗಿನ ಬಿಸಿಲು ಆ ಕಡೆಯಿಂದ ಬಿದ್ದಾಗ ನರಗಳೆಲ್ಲ ಉರಿಯೋ ಥರ ಕಾಣೋವು. "ಯಾರೇ ಇದನ್ನ ನೆಟ್ಟಿದ್ದು" ಅಂದ್ರೆ ಮಗಳಿಗೇ ಗೊತ್ತಿಲ್ಲ, ಮನೆ ತಗೊಂಡಾಗಲೇ ಇತ್ತಂತೆ.

ಪಕ್ಕದ ಮನೆ ಅಜ್ಜಿ ಹೇಳಿದ್ಮೇಲೇ ಗೊತ್ತಾಗಿದ್ದು ಅದು ಹಾರ್ಡಿ ಬೆಗೋನಿಯಾ ಅಂತ, ಶಾಸ್ತ್ರದ ಹೆಸರು ಬೆಗೋನಿಯಾ ಗ್ರಾಂಡಿಸ್. ಮೂಲ ಚೀನಾದ್ದು, 17ನೇ ಶತಮಾನದಲ್ಲಿ ಅಲ್ಲಿಂದ ಜಪಾನಿಗೆ ಹೋಗಿ ಅಲ್ಲಿಯ ತೋಟಗಳಲ್ಲಿ ಊರವರೇ ಆಗಿಬಿಟ್ಟ ಗಿಡ. ಬೆಗೋನಿಯಾದಲ್ಲಿ 2000ಕ್ಕೂ ಹೆಚ್ಚು ಜಾತಿ ಇದಾವೆ ಸ್ವಾಮಿ, ನಿಮ್ಮ ಪುಟದಲ್ಲಿ ಬರೆದಿದ್ದು ಅದರಲ್ಲಿ ಎರಡು ಮೂರರ ಗುಣ ಅಷ್ಟೇ. ನಮ್ಮ ನರ್ಸರೀಲಿ ಸಿಗೋ ಮೇಣದಂಥ ಎಲೆಯ ವ್ಯಾಕ್ಸ್ ಬೆಗೋನಿಯಾ ಬ್ರೆಜಿಲ್ ಕಡೇದು, ಬಣ್ಣ ಬಣ್ಣದ ಎಲೆಯ ರೆಕ್ಸ್‌ನ ಮೂಲ ನಮ್ಮ ಅಸ್ಸಾಂ ಕಡೆ, ಇವೆರಡೂ ಹಿಮಗಾಳಿಗೆ ಒಂದು ರಾತ್ರೀಲಿ ಮುಗಿದೋಗ್ತವೆ, ಅದು ನಿಜ. ಗುಲಾಬಿ ಹೂವಿನಷ್ಟು ದೊಡ್ಡ ಹೂ ಬಿಡೋ ಗೆಡ್ಡೆ ಬೆಗೋನಿಯಾ ಇದೆಯಲ್ಲ, ಅದರ ಪೂರ್ವಿಕರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದವರು, ಅದನ್ನೂ ಅಲ್ಲಿಯವರು ಚಳಿಗೆ ಮುಂಚೆ ಕಿತ್ತು ಒಣಗಿಸಿ ಮನೆ ಒಳಗೆ ಎತ್ತಿಡ್ತಾರೆ. ಗ್ರಾಂಡಿಸ್ ಒಂದನ್ನ ಮಾತ್ರ ನೆಲದಲ್ಲೇ ಬಿಡ್ತಾರೆ. ಇದರ ಥರ ಒಂದಷ್ಟು ಚಳಿ ತಡೆಯೋ ಬೇರೆ ಚೀನೀ ಜಾತಿಗಳೂ ಇವೆ, ಆದ್ರೆ ಇದರಷ್ಟು ಗಟ್ಟಿ ಅಲ್ಲ ಅಂತಾರೆ.

ನವೆಂಬರ್ ಮೊದಲ ವಾರ ಒಂದು ಬೆಳಗ್ಗೆ ಎದ್ದು ನೋಡ್ತೀನಿ, ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದಂಗೆ ಬೆಳ್ಳಗೆ, ಗಿಡಗಳೆಲ್ಲ ನೆಲಕ್ಕೆ ಬಿದ್ದಿದಾವೆ. ಹಿಂದಿನ ದಿನ ಸಂಜೆವರೆಗೂ ಹೂ ಇದ್ದ ಗಿಡ ರೀ. ಎಲೆ ಮುಟ್ಟಿದ್ರೆ ಬೇಯಿಸಿದ ಪಾಲಕ್ ಸೊಪ್ಪಿನ ಥರ ಕೈಗೆ ಅಂಟ್ತು, ಕಾಂಡ ಗಾಜಿನ ಹಂಗೆ ಪಾರದರ್ಶಕ ಆಗಿ ಒಳಗಿನ ನೀರು ಕಾಣೋದು, ಒತ್ತಿದ್ರೆ ಪಿಚಕ್ ಅಂತ ಹೊರಗೆ ಬಂತು. ಬೆಗೋನಿಯಾ ಕಾಂಡದಲ್ಲಿ ನೀರೇ ಜಾಸ್ತಿ, ಆ ನೀರು ಹೆಪ್ಪುಗಟ್ಟಿದಾಗ ಜೀವಕೋಶಗಳೆಲ್ಲ ಹಾಳಾಗೋಗ್ತವೆ, ಬಿಸಿಲು ಬಂದು ಕರಗಿದ ಮೇಲೆ ಉಳಿಯೋದು ಬರೀ ಲೋಳೆ. ನನಗೆ ಹೊಟ್ಟೆ ಉರಿದೋಯ್ತು. ಕೂಸು ಮಲಗಿತ್ತು, ಸರಿ ಇದನ್ನಾದ್ರೂ ಕ್ಲೀನ್ ಮಾಡೋಣ ಅಂತ ಗುದ್ದಲಿ ತಗೊಂಡು ಬುಡ ಸಮೇತ ಅಗೆಯೋಕೆ ಶುರು ಮಾಡಿದೆ, ಅಷ್ಟರಲ್ಲಿ ಬೇಲಿ ಆ ಕಡೆಯಿಂದ ಅಜ್ಜಿ ನೋ ನೋ ಅಂತ ಕೂಗ್ತಾ ಓಡಿ ಬಂದ್ರು. ಅವರ ಇಂಗ್ಲಿಷು ನನಗೆ ಅರ್ಧ ಅರ್ಥ ಆಗೋದು, ನನ್ನದು ಅವರಿಗೆ ಅಷ್ಟೂ ಆಗ್ತಿರ್ಲಿಲ್ಲ, ಎರಡೂ ಕೈ ಜೋಡಿಸಿ ಕೆನ್ನೆ ಕೆಳಗಿಟ್ಟು ನಿದ್ದೆ ಅಂತ ತೋರಿಸಿದ್ರು.

ಅಜ್ಜಿ ಹೇಳಿದ್ದು, ಮಗಳು ಕನ್ನಡಕ್ಕೆ ಹಾಕಿದ್ದು ಇಷ್ಟು. ಮೇಲಿನ ಗಿಡ ಹೋಯ್ತು, ಕೆಳಗೆ ಗೆಡ್ಡೆ ಇದೆ, ಅದರ ತಂಟೆಗೆ ಹೋಗಬೇಡ. ಕಾಂಡವನ್ನೂ ಕೊಯ್ಯಬೇಡ, ಕೊಯ್ದ ಹಸಿ ಗಾಯದಿಂದ ಕೊಳೆ ಗೆಡ್ಡೆಗೆ ಇಳಿಯುತ್ತೆ, ಒಂದೆರಡು ವಾರ ಬಿಟ್ರೆ ಗಿಣ್ಣಲ್ಲಿ ತಾನಾಗೇ ಕಳಚ್ಕೊಂಡು ಬೀಳುತ್ತೆ. ಹಂಗೇ ಆಯ್ತು, ಹತ್ತು ದಿನ ಆದ್ಮೇಲೆ ಬೆರಳಲ್ಲಿ ತಳ್ಳಿದ್ರೆ ಕಾಂಡ ಟಪ್ ಅಂತ ಬುಡದಿಂದ ಬಿಡ್ತು, ಬಿಟ್ಟ ಜಾಗ ಒಣಗಿ ಮುಚ್ಕೊಂಡಿತ್ತು, ಕೂಸಿನ ಹೊಕ್ಕುಳ ಉದುರಿದಂಗೆ. ಆಮೇಲೆ ಅದರ ಮೇಲೆ ಒಣ ಎಲೆ ನಾಲ್ಕು ಬೆರಳು ದಪ್ಪ ಹೊದಿಸು ಅಂದ್ರು. ಎಲೆಗೇನು ಬರ, ಅಳಿಯ ಪ್ರತಿ ಶನಿವಾರ ಎಲೆ ಗುಡಿಸಿ ಚೀಲ ತುಂಬಿ ರಸ್ತೆಗಿಡ್ತಿದ್ದ, ಅದರಲ್ಲೇ ಎರಡು ಚೀಲ ವಾಪಸ್ ತಂದೆ. ಮೇಪಲ್ ಎಲೆ ಇದ್ದಂಗೇ ಹಾಕಿದ್ರೆ ಒದ್ದೆಯಾಗಿ ಒಂದರ ಮೇಲೊಂದು ಹಪ್ಪಳದ ಹಂಗೆ ಅಂಟ್ಕೊಂಡು ಗಾಳಿ ಆಡಲ್ಲ, ಅದಕ್ಕೆ ಹುಲ್ಲು ಕತ್ತರಿಸೋ ಮಷೀನ್ ಓಡಿಸಿ ಪುಡಿ ಮಾಡಿ ಹಾಕಬೇಕು. ಓಕ್ ಎಲೆ ಆದ್ರೆ ಹಂಗೇ ಹಾಕಬಹುದು, ಅದು ಗರಿಗರಿಯಾಗೇ ಇರುತ್ತೆ.

ಇಲ್ಲಿ ನಾನು ಮಾಡಿದ ಒಂದು ತಪ್ಪೂ ಹೇಳಲೇಬೇಕು. ದಾವಣಗೆರೆ ಅಭ್ಯಾಸ ಬಿಡಲ್ಲವಲ್ಲ, ಹೋದ ಹೊಸದರಲ್ಲೇ ಒಂದು ಗಿಡ ಕಿತ್ತು ಚೆಂದದ ಕುಂಡಕ್ಕೆ ಹಾಕಿ ಮನೆ ಹಿಂದಿನ ಮರದ ಕಟ್ಟೆ ಮೇಲೆ ಇಟ್ಟಿದ್ದೆ. ನೆಲದಲ್ಲಿರೋದಕ್ಕೆ ಎಲೆ ಹೊದಿಸಿದಂಗೆ ಇದಕ್ಕೂ ಹೊದಿಸಿದೆ, ಜೊತೆಗೆ ಹಳೇ ಟವಲ್ ಬೇರೆ ಸುತ್ತಿದೆ, ನೆಲಕ್ಕಿಂತ ಇದಕ್ಕೇ ಜಾಸ್ತಿ ಉಪಚಾರ. ಜನವರೀಲಿ ಒಂದು ವಾರ ರಾತ್ರಿ ಮೈನಸ್ 12 ಹಂಗೆ ಹೋಯ್ತು. ಫೆಬ್ರವರಿ ಕೊನೇಲಿ ಕುಂಡ ಬಗ್ಗಿಸಿ ನೋಡಿದ್ರೆ ಗೆಡ್ಡೆ ಫ್ರಿಜ್‌ನಲ್ಲಿ ಮರೆತ ಆಲೂಗಡ್ಡೆ ಥರ, ಕಂದು ನೀರು, ವಾಸನೆ ಬೇರೆ. ನೆಲದಲ್ಲಿರೋ ಗೆಡ್ಡೆಗೆ ಭೂಮಿ ಕಾವು ಕೆಳಗಿಂದ ಬರ್ತಾನೇ ಇರುತ್ತೆ, ಚಳಿ ಮೇಲಿನಿಂದ ಮಾತ್ರ, ಅದೂ ನಿಧಾನಕ್ಕೆ ಇಳಿಯುತ್ತೆ. ಕುಂಡಕ್ಕೆ ಆರೂ ಕಡೆಯಿಂದ ಚಳಿ. ಇಲ್ಲಿ ನಾವು ಕುಂಡದಲ್ಲಿ ಇಟ್ರೆ ಸೇಫು ಅಂದ್ಕೊಂಡಿರ್ತೀವಿ, ಅಲ್ಲಿ ಪೂರ್ತಿ ಉಲ್ಟಾ.

ಇನ್ನೊಂದು ನನಗೆ ಆಶ್ಚರ್ಯ ಅನ್ನಿಸಿದ್ದು ಹಿಮದ್ದು. ಮೊದಲ ಸಲ ಮೊಳಕಾಲು ಮಟ್ಟ ಹಿಮ ಬಿದ್ದಾಗ ನಾನು ಅಯ್ಯೋ ಗೆಡ್ಡೆ ಕಥೆ ಮುಗೀತು ಅಂದ್ರೆ ಅಜ್ಜಿ ಖುಷಿಯಾಗಿದ್ರು. ಹಿಮದ ಹಳುಕುಗಳ ಮಧ್ಯೆ ಗಾಳಿ ತುಂಬ್ಕೊಂಡಿರುತ್ತೆ, ನಮ್ಮ ಹತ್ತಿ ರಜಾಯಿ ಬೆಚ್ಚಗಿರೋದೂ ಅದೇ ಕಾರಣಕ್ಕೆ ಅಲ್ವಾ, ಮೇಲೆ ಮೈನಸ್ ಹತ್ತಿದ್ರೂ ದಪ್ಪ ಹಿಮದ ಕೆಳಗಿನ ಮಣ್ಣು ಸೊನ್ನೆ ಆಸುಪಾಸಲ್ಲೇ ನಿಲ್ಲುತ್ತೆ. ಹತ್ತಿ ಮಿಲ್ಲುಗಳ ಊರಲ್ಲಿ ಹುಟ್ಟಿ ಬೆಳೆದೋಳಿಗೆ ಇದು ಹೊಳೀಲಿಲ್ಲ ನೋಡಿ. ಗೆಡ್ಡೆಗೆ ನಿಜವಾದ ಕಷ್ಟ ಹಿಮ ಇಲ್ದೆ ಬರೀ ಕೊರೆಯೋ ಚಳಿ ಇದ್ದಾಗ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ ಮತ್ತೆ ಹೆಪ್ಪುಗಟ್ಟಿ ಮಣ್ಣು ಉಬ್ಬಿ ಚಿಕ್ಕ ಗೆಡ್ಡೆಗಳನ್ನ ಮೇಲಕ್ಕೆ ತಳ್ಳಿಬಿಡುತ್ತೆ, ಆವಾಗ ಅವು ಒಣಗ್ತವೆ. ಅದಕ್ಕಿಂತ ದೊಡ್ಡ ಶತ್ರು ನಿಂತ ನೀರು. ಚಳಿಗಾಲದಲ್ಲಿ ಮಲಗಿರೋ ಗೆಡ್ಡೆ ನೀರು ಕುಡಿಯಲ್ಲ, ಬುಡದಲ್ಲಿ ನೀರು ನಿಂತ್ರೆ ಚಳಿ ಮುಟ್ಟೋಕೆ ಮುಂಚೆ ಕೊಳೆಯೇ ಮುಟ್ಟಿರುತ್ತೆ. ಮಗಳ ಮನೇಲಿ ಆ ಜಾಗ ಸ್ವಲ್ಪ ಇಳಿಜಾರು, ವರ್ಷಾನುಗಟ್ಲೆ ಎಲೆ ಬಿದ್ದು ಕೊಳೆತು ಮಣ್ಣು ಕಾಫಿಪುಡಿ ಥರ ಉದುರುದುರಾಗಿತ್ತು, ಅದಕ್ಕೇ ಅಷ್ಟು ವರ್ಷ ಉಳಿದಿದ್ದು.

ನಾನು ಮಾರ್ಚಲ್ಲಿ ವಾಪಸ್ ಬಂದೆ. ಏಪ್ರಿಲಲ್ಲಿ ಅಲ್ಲಿ ಎಲ್ಲ ಗಿಡವೂ ಚಿಗುರಿದ್ವು, ಇದೊಂದು ಬಿಟ್ಟು. ಮಗಳು ವಿಡಿಯೋ ಕಾಲ್ ಮಾಡಿ ತೋರಿಸೋಳು, ಬರೀ ಮಣ್ಣು. ಅಳಿಯ ಸಾಫ್ಟ್‌ವೇರ್‌ನವನು, ತಾಳ್ಮೆ ಕಮ್ಮಿ, ಇದೆಯೋ ಇಲ್ವೋ ಚೆಕ್ ಮಾಡ್ತೀನಿ ಅಂತ ಒಂದು ಕಡೆ ಕೆದಕಿ ಗೆಡ್ಡೆಗೆ ಸರಿಯಾಗಿ ಕೈಗುದ್ದಲಿ ಹಾಕಿ ಎರಡು ಹೋಳು ಮಾಡಿದ. ಅಲ್ಲಿಗೆ ನಾನು ಇಲ್ಲಿಂದ ಆರ್ಡರ್ ಹಾಕಿದೆ, ಆ ಜಾಗಕ್ಕೆ ನಾಲ್ಕು ಕಡ್ಡಿ ಚುಚ್ಚಿ, ಯಾರೂ ಮುಟ್ಟಬೇಡಿ ಅಂತ. ನಮ್ಮವ್ವ ಹಿತ್ತಲಲ್ಲಿ ಸುವರ್ಣಗೆಡ್ಡೆ ಎಲೆ ಉದುರಿದ ಮೇಲೆ ಅದರ ತಲೆ ಮೇಲೊಂದು ಕಲ್ಲು ಇಡೋಳು, ಮಕ್ಕಳು ಗೊತ್ತಿಲ್ದೆ ಅಗೆದಾರು ಅಂತ, ಅದೇ ಬುದ್ಧಿ. ಮೇ 20 ದಾಟಿದ ಮೇಲೆ ಒಂದು ದಿನ ರಾತ್ರಿ ಹನ್ನೊಂದಕ್ಕೆ ಫೋಟೋ ಬಂತು, ಕೆಂಪಗೆ, ಬೆರಳ ತುದಿಯಷ್ಟು, ಮುದುರಿದ ಮೊಳಕೆ, ಒಂದಲ್ಲ ಎರಡಲ್ಲ, ಎಣಿಸಿದ್ರೆ ಮೂವತ್ತಕ್ಕೂ ಜಾಸ್ತಿ. ಅಳಿಯ ಎರಡು ಹೋಳು ಮಾಡಿದ ಜಾಗದಲ್ಲೂ ಒಂದು ಬಂದಿತ್ತು, ಅವನ ಪುಣ್ಯ.

ಆ ಮೂವತ್ತು ಎಲ್ಲಿಂದ ಬಂದ್ವು ಅಂದ್ರೆ, ಈ ಗಿಡಕ್ಕೆ ಎಲೆ ಕಾಂಡಕ್ಕೆ ಸೇರೋ ಸಂದೀಲಿ ಸಣ್ಣ ಸಣ್ಣ ಗೆಡ್ಡೆಮರಿ ಆಗ್ತವೆ, ಕೆಲವು ಹೆಸರುಕಾಳಷ್ಟು, ಕೆಲವು ಜೋಳದ ಕಾಳಷ್ಟು, ಗುಲಾಬಿ ಬಣ್ಣ. ಅಕ್ಟೋಬರಲ್ಲಿ ಮುಟ್ಟಿದ್ರೆ ಸಾಕು ಉದುರೋವು, ನಾನು ಸ್ಟೀಲ್ ಬಟ್ಟಲು ಹಿಡಿದು ಆರಿಸಿದ್ದೆ. ಆಳಕ್ಕೆ ಹೂಳಬಾರದು, ಮಣ್ಣ ಮೇಲೆ ಉದುರಿಸಿ ಬೆರಳಲ್ಲಿ ಮೆಲ್ಲಗೆ ಒತ್ತಿ ಮೇಲೆ ಎಲೆಪುಡಿ ಹಾಕಬೇಕು, ಮೊದಲ ವರ್ಷ ಸಣ್ಣ ಗಿಡ, ಎರಡನೇ ವರ್ಷದಿಂದ ಹೂ. ಗಿಡಕ್ಕೆ ಚಳಿ ಬರ್ತಿದೆ ಅಂತ ಹೆಂಗೆ ಗೊತ್ತಾಗುತ್ತೆ ಅಂದ್ರೆ ಹಗಲು ಅಳೆದು. ಹಗಲು ಗಿಡ್ಡ ಆಗ್ತಾ ಬಂದಂಗೆ ಇದು ಗೆಡ್ಡೆಮರಿ ಕಟ್ಟೋಕೆ ಶುರು ಮಾಡುತ್ತೆ, ಜಪಾನಿನ ವಿಜ್ಞಾನಿಗಳು ಇದನ್ನೇ ಇಟ್ಕೊಂಡು ಪರೀಕ್ಷೆ ಮಾಡಿದಾರೆ. ಆ ಮರಿಗಳಿಗೆ ಒಂದಷ್ಟು ಕಾಲ ಚಳಿ ತಾಗಿದ ಮೇಲೇನೇ ನಿದ್ದೆ ಸರಿಯಾಗಿ ಬಿಡೋದು. ಚಳಿ ಅದಕ್ಕೆ ಶಿಕ್ಷೆ ಅಂತ ನಾವು ಅಂದ್ಕೊಂಡಿದೀವಿ, ಅದಕ್ಕೆ ಅದು ಅಲಾರಾಂ.

ಹಿಂಗೇ ಒಂದು ಮಾತು, ಬೆಗೋನಿಯಾ ಅನ್ನೋ ಹೆಸರು ಮಿಶೆಲ್ ಬೆಗೋನ್ ಅನ್ನೋ ಫ್ರೆಂಚ್ ಅಧಿಕಾರಿಯದ್ದು, ಗಿಡ ಹುಡುಕಿಕೊಂಡು ಕೆರಿಬಿಯನ್ ದ್ವೀಪಗಳಿಗೆ ಹೋಗಿದ್ದ ಶಾರ್ಲ್ ಪ್ಲೂಮಿಯೇ ಅನ್ನೋ ಪಾದ್ರಿ ಉಪಕಾರ ನೆನೆದು ಇಟ್ಟಿದ್ದು, 1753ರಲ್ಲಿ ಲಿನೇಯಸ್ ಅದನ್ನೇ ಖಾಯಂ ಮಾಡಿದ. ಚೀನಾದಲ್ಲಿ ಮಾತ್ರ ಗ್ರಾಂಡಿಸ್‌ಗೆ ಬೇರೆ ಕಥೆ, ಬಾರದ ಗೆಳೆಯನಿಗೆ ಕಾದು ಅತ್ತ ಹೆಣ್ಣಿನ ಕಣ್ಣೀರು ಬಿದ್ದ ಜಾಗದಲ್ಲಿ ಹುಟ್ಟಿದ್ದಂತೆ. ಮೇ 20ರವರೆಗೆ ಕಾದ ನನಗೆ ಅದು ಚೆನ್ನಾಗೇ ಅರ್ಥ ಆಯ್ತು.

ಈಗ ನಮ್ಮೂರ ವಿಷಯಕ್ಕೆ ಬರ್ತೀನಿ, ಮುಖ್ಯ ಇದೇ. ನಾನು ಈ ಗಿಡದ ಫೋಟೋ ತೋರಿಸಿ ತೋರಿಸಿ ನಮ್ಮ ಬೀದಿಯವರಿಗೆಲ್ಲ ಆಸೆ ಹತ್ತಿಸಿಬಿಟ್ಟಿದ್ದೆ, ತಪ್ಪು ನಂದೂ ಇದೆ. ಹಿಂದಿನ ರಸ್ತೆಯ ಗೆಳತಿ ಒಬ್ಬರು ಆನ್‌ಲೈನಲ್ಲಿ ಹುಡುಕಿ ಮೂರು ಗೆಡ್ಡೆ 450 ರೂಪಾಯಿ ಕೊಟ್ಟು ತರಿಸಿದ್ರು. ಕವರ್ ಮೇಲೆ ದಪ್ಪಕ್ಷರದಲ್ಲಿ ಹಾರ್ಡಿ, ಎಲ್ಲ ಹವಾಮಾನಕ್ಕೂ ಸೂಕ್ತ ಅಂತ ಬರೆದಿತ್ತು. ಜೂನಲ್ಲಿ ಹಿತ್ತಲ ಎರೆಮಣ್ಣಲ್ಲಿ ಹಾಕಿದ್ರು, ಜುಲೈ ಮಳೆಗೆ ಎರೆ ಅಂದ್ರೆ ಗೊತ್ತಲ್ಲ, ಕಾಲಿಟ್ರೆ ಚಪ್ಪಲಿ ಬಿಟ್ಟು ಬರಬೇಕು, ಗೆಡ್ಡೆ ಮೂರೂ ಕರಗಿ ಹೋದ್ವು. ಮಾರಿದೋರಿಗೆ ಬರೆದ್ರೆ ನಿಮ್ಮ ನಿರ್ವಹಣೆ ಸರಿ ಇಲ್ಲ ಅಂತ ಉತ್ತರ, ಮುಂದಿನ ಖರೀದಿಗೆ ಹತ್ತು ಪರ್ಸೆಂಟ್ ಕೂಪನ್ನು ಬೇರೆ. ಅದು ನಿಜಕ್ಕೂ ಗ್ರಾಂಡಿಸ್ಸೇ ಆಗಿತ್ತಾ, ಆ ದೇವರಿಗೇ ಗೊತ್ತು.

ಹಾರ್ಡಿ ಅನ್ನೋ ಪದ ಆ ದೇಶದ ಗಿಡದ ಲೆಕ್ಕದಲ್ಲಿ ಚಳಿ ಒಂದಕ್ಕೇ ಸಂಬಂಧಪಟ್ಟಿದ್ದು ಸ್ವಾಮಿ. ಅಮೆರಿಕದ ಕೃಷಿ ಇಲಾಖೆ ದೇಶವನ್ನ 13 ಝೋನ್ ಮಾಡಿ ನಕ್ಷೆ ಹಾಕಿದೆ, ಆ ಝೋನ್ ಹೇಳೋದು ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಎಷ್ಟಕ್ಕೆ ಇಳಿಯುತ್ತೆ ಅನ್ನೋದನ್ನ ಮಾತ್ರ. ಗ್ರಾಂಡಿಸ್ 6ರಿಂದ 9ನೇ ಝೋನ್‌ವರೆಗೆ ಅಂತಾರೆ, 6 ಅಂದ್ರೆ ಮೈನಸ್ 23ರಿಂದ ಮೈನಸ್ 18 ಡಿಗ್ರಿ ಸೆಲ್ಸಿಯಸ್. ಏಪ್ರಿಲಲ್ಲಿ ಬಿಸಿಲು ಎಷ್ಟು ಕಾಯುತ್ತೆ, ಮಣ್ಣು ಎಂಥದ್ದು, ಮಳೆ ಯಾವಾಗ, ಇದ್ಯಾವುದೂ ಆ ನಂಬರಲ್ಲಿ ಇಲ್ಲ. ಅದನ್ನ ತಂದು ದಾವಣಗೆರೆಯಲ್ಲಿ ಗಟ್ಟಿಗಿಡ ಅಂತ ಮಾರಿದ್ರೆ, ಮಂಕಿ ಕ್ಯಾಪ್ ತಂದು ಬಿಸಿಲಿಗೆ ಛತ್ರಿ ಅಂದಂಗೆ. ನಮಗೆ ಜನವರಿ ಬೆಳಗಿನ ಜಾವ ಶಾಲು ಹೊದ್ಕೊಂಡು ಬೆಣ್ಣೆ ದೋಸೆಗೆ ಹೋಗೋದೇ ದೊಡ್ಡ ಚಳಿ, ಹೆಪ್ಪುಗಟ್ಟೋ ಮಾತೇ ಇಲ್ಲ. ಅಲ್ಲಿ ಹಗಲು ಜೂನಲ್ಲಿ 15 ಗಂಟೆ, ಡಿಸೆಂಬರಲ್ಲಿ ಒಂಬತ್ತು ಚಿಲ್ಲರೆ, ನಮ್ಮಲ್ಲಿ 13ರ ಹತ್ರ ಇದ್ದಿದ್ದು 11 ಚಿಲ್ಲರೆಗೆ ಇಳಿಯುತ್ತೆ ಅಷ್ಟೇ, ಗಿಡಕ್ಕೆ ಮಲಗೋ ಹೊತ್ತೂ ಗೊತ್ತಾಗಲ್ಲ ಏಳೋ ಹೊತ್ತೂ ಗೊತ್ತಾಗಲ್ಲ ಅಂತ ನನ್ನ ಅಂದಾಜು. ಚಿತ್ರದುರ್ಗದ ನಮ್ಮ ನಾದಿನಿ ಜೋಗಿಮಟ್ಟಿ ಬೆಟ್ಟದ ಮೇಲಾದ್ರೆ ಬರಬಹುದೇನೋ ಅಂತಾಳೆ, ಅಲ್ಲಿ ತಂಪು ಗಾಳಿ ಇದೆ ನಿಜ, ಆದ್ರೆ ತಂಪು ಬೇರೆ ಹಿಮ ಬೇರೆ.

ನಾನೂ ಬರುವಾಗ ಹತ್ತು ಗೆಡ್ಡೆಮರಿ ಏಲಕ್ಕಿ ಡಬ್ಬೀಲಿ ಹಾಕ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅಳಿಯ ನೋಡಿ ತೆಗೆಸಿದ, ಪರ್ಮಿಟ್ಟು, ರೋಗ ಇಲ್ಲ ಅನ್ನೋ ಸರ್ಟಿಫಿಕೇಟು ಇಲ್ದೆ ಹೊರದೇಶದ ಗೆಡ್ಡೆ ಒಳಗೆ ತರೋ ಹಂಗಿಲ್ಲ ಅಂತ. ಆವಾಗ ಕೋಪ ಬಂತು, ಗೆಳತಿಯ 450 ರೂಪಾಯಿ ಕಥೆ ನೋಡಿದ ಮೇಲೆ ತಂದಿದ್ರೂ ಅದೇ ಗತಿ ಅನ್ನಿಸ್ತು.

ನಮಗೂ ಮಲಗಿ ಏಳೋ ಗಿಡಗಳಿಗೇನು ಬರ ಇಲ್ಲ. ಅಗ್ನಿಶಿಖೆ ಗೆಡ್ಡೆ ಬೇಸಿಗೆಯೆಲ್ಲ ಒಣ ನೆಲದಲ್ಲಿ ಬಿದ್ದಿದ್ದು ಮಳೆಗೆ ಏಳುತ್ತೆ, ಅರಿಶಿನ, ಸುವರ್ಣಗೆಡ್ಡೆ ಎಲ್ಲ ಹಂಗೇ. ಅಷ್ಟೇ ಯಾಕೆ, ಬೆಗೋನಿಯಾ ಕುಲದಲ್ಲೇ ಪಶ್ಚಿಮಘಟ್ಟದಲ್ಲಿ ಬೆಗೋನಿಯಾ ಕ್ರೆನೇಟಾ ಅಂತ ಪುಟ್ಟ ಗಿಡ ಇದೆ, ಮಳೆಗಾಲದಲ್ಲಿ ಒದ್ದೆ ಬಂಡೆ ಸಂದೀಲಿ, ಹಳೇ ಗೋಡೆ ಮೇಲೆ ಹೂ ಬಿಟ್ಟು, ಮಳೆ ನಿಂತ ಮೇಲೆ ಸಣ್ಣ ಗೆಡ್ಡೆಯಾಗಿ ಮಲಗಿಬಿಡುತ್ತೆ. ಚೀನಾದ್ದು ಹಿಮದಿಂದ ತಪ್ಪಿಸ್ಕೊಳ್ಳೋಕೆ ಮಾಡೋದನ್ನ ಇದು ಬಿಸಿಲಿಂದ ತಪ್ಪಿಸ್ಕೊಳ್ಳೋಕೆ ಮಾಡುತ್ತೆ. ಕಿತ್ತು ತರಬೇಡಿ ಮತ್ತೆ, ಮಳೆಗಾಲದಲ್ಲಿ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಬಂಡೆ ಕಡೆ ಕಣ್ಣಿಟ್ಟಿರಿ ಸಾಕು. ಮನೇಲಿ ಬೇಕು ಅಂದ್ರೆ ವ್ಯಾಕ್ಸ್, ರೆಕ್ಸ್ ಕುಂಡದಲ್ಲಿ ಪೂರ್ವದ ಕಡೆ ಜಗಲೀಲಿ ಇಟ್ಕೊಳಿ, ಯುಗಾದಿ ಆದ್ಮೇಲೆ ಮನೆ ಒಳಗೆ ಕಿಟಕಿ ಹತ್ರ ತನ್ನಿ, ನನ್ನ ರೆಕ್ಸ್ ಎರಡು ಬೇಸಿಗೆ ಹಂಗೇ ದಾಟಿದಾವೆ, ಮೂರನೇದು ಹೋಯ್ತು.

ಹಂಗಾಗಿ ಸಂಪಾದಕರೇ, ಮುಂದಿನ ಭಾನುವಾರ ಒಂದೆರಡು ಸಾಲಿನ ತಿದ್ದುಪಡಿ ಹಾಕಿ. ದಾವಣಗೆರೆ, ಹರಿಹರ, ಚಿತ್ರದುರ್ಗದ ಎಷ್ಟೋ ಮನೆಯವರು ಮಕ್ಕಳ ಹತ್ರ ಹೋಗಿ ಆರಾರು ತಿಂಗಳು ಇದ್ದು ಬರ್ತಾರೆ, ನಿಮ್ಮ ಪತ್ರಿಕೇನ ಅಲ್ಲೂ ಫೋನಲ್ಲಿ ಓದ್ತಾರೆ, ಆ ಸಾಲು ನಂಬಿ ಮಗಳ ಹಿತ್ತಲಲ್ಲಿರೋ ಗೆಡ್ಡೇನ ನನ್ನಂಗೆ ಗುದ್ದಲಿ ತಗೊಂಡು ಅಗೆಯೋದು ಬೇಡ. ಜೊತೆಗೆ ಕೈತೋಟದ ಪುಟದ ಕೆಳಗೆ ಬರೋ ಗೆಡ್ಡೆ ಬೀಜದ ಜಾಹೀರಾತಿನೋರಿಗೂ ಒಂದು ಮಾತು ಹೇಳಿ, ಗಿಡದ ಪೂರ್ತಿ ಹೆಸರು, ಎಷ್ಟು ಚಳಿ ತಡೆಯುತ್ತೆ, ಎಷ್ಟು ಬಿಸಿಲು ತಡೆಯುತ್ತೆ, ಮೂರೂ ಬರೀಲಿ.

ಈ ವರ್ಷ ಅಲ್ಲಿ ಮೊಳಕೆ ಮೇ 24ಕ್ಕೆ ಬಂತು. ಅಳಿಯ ಕಡ್ಡಿ ಚುಚ್ಚಿದ ಜಾಗ ಬಿಟ್ಟು ಎರಡು ಅಡಿ ಆಚೆ, ಮೆಟ್ಟಿಲ ಕಲ್ಲಿನ ಸಂದೀಲೂ ನಾಲ್ಕು ಎದ್ದಿದಾವಂತೆ. ಆ ಮೆಟ್ಟಿಲು ಇಳಿಯೋವಾಗ ಈಗ ಮನೆಯವರೆಲ್ಲ ಒಂದು ಹೆಜ್ಜೆ ಹಾರಿ ಇಳೀತಾರೆ, ಮೊಮ್ಮಗನೂ ಸೇರಿ.

ಇತಿ,
ನಿಮ್ಮ ಹಳೇ ಓದುಗಾರ್ತಿ,
ನಿಟುವಳ್ಳಿ, ದಾವಣಗೆರೆ